ನಾನು ಕೊಟ್ಟೆ ಎಂದವರು

ಹೋದ ತಿಂಗಳು ಯಶವಂತಪುರದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಆರಿಸುತ್ತಾ ನಿಂತಿದ್ದೆ. ಯಾರೋ ಹಿಂದಿನಿಂದ ಭುಜ ತಟ್ಟಿದರು. ತಿರುಗಿದರೆ ಸರೋಜ. ಹನ್ನೊಂದು ವರ್ಷದ ಕೆಳಗೆ ನನ್ನ ಜೊತೆ ಬಾಲವಾಡಿ ಟೀಚರುಗಳ ತರಬೇತಿಗೆ ಬರುತ್ತಿದ್ದವಳು, ಜಾಲಹಳ್ಳಿ ಕ್ವಾರ್ಟರ್ಸಿನವಳು.

"ಏನೇ, ಗೊತ್ತಾಯ್ತಾ? ನಮ್ಮ ಧಾರವಾಡದ ಮೇಡಂ ಹೋಗ್ಬಿಟ್ರಂತೆ ಕಣೇ. ಆರ್.ಟಿ. ನಗರದ ಮನೇಲೇ. ಹದಿನೈದು ದಿನ ಆಯ್ತಂತೆ."

"ಅಯ್ಯೋ ಪಾಪ" ಎಂದೆ. ಬಾಯಿ ಅಂದದ್ದು ಅದು. ಮನಸ್ಸಿಗೆ ಮೊದಲು ಬಂದದ್ದು, ಇನ್ನು ಅವರನ್ನು ಆ ಮಾತು ಕೇಳುವ ಹಾಗಿಲ್ಲವಲ್ಲ ಎಂಬುದು. ಅದರ ಹಿಂದೆಯೇ ಬಂದದ್ದು, ಇನ್ನು ಅವರೂ ಯಾರಿಗೂ ಹೇಳುವ ಹಾಗಿಲ್ಲ ಎಂಬುದು. ಈ ಎರಡನೆಯದಕ್ಕೆ ಒಂದು ಗಳಿಗೆ ಎದೆ ಹಗುರವಾಯಿತು. ಹಗುರವಾದದ್ದು ಸರಿಯಲ್ಲ ಎನಿಸಿ ಅರ್ಧ ಕೆ.ಜಿ. ಅವರೆಕಾಯಿಯನ್ನು ಹಾಗೇ ಬಿಟ್ಟು ಬಸ್ಸು ಹತ್ತಿದೆ.

ಅವರು ನಮಗೆ ತರಬೇತಿ ಕೊಟ್ಟವರು. ಯಶವಂತಪುರದಲ್ಲಿ ಹಳೆಯ ಛತ್ರವೊಂದರ ಹಿಂದಿನ ಹಜಾರದಲ್ಲಿ ಆರು ತಿಂಗಳು ಶನಿವಾರ ಶನಿವಾರ ಪಾಠ. ಉಳಿದ ದಿನ ನಮ್ಮ ನಮ್ಮ ಬಾಲವಾಡಿ ನಡೆಸಬೇಕು, ಅವರು ಹೇಳದೆ ಕೇಳದೆ ಬಂದು ನೋಡುತ್ತಾರೆ. ನನ್ನದು ದಾಸರಹಳ್ಳಿಯ ಬಾಲವಾಡಿ. ಒಂದು ಕೋಣೆ, ಇಪ್ಪತ್ತಾರು ಮಕ್ಕಳು, ನಡೆಸುತ್ತಿದ್ದದ್ದು ಊರಿನ ಮಹಿಳಾ ಸಮಾಜ. ನನ್ನ ಯಜಮಾನರಿಗೆ ಪೀಣ್ಯದಲ್ಲಿ ಸಣ್ಣ ವರ್ಕ್‌ಷಾಪಿನ ಕೆಲಸ. ಕೆಲವು ತಿಂಗಳು ಇರುತ್ತಿತ್ತು, ಕೆಲವು ತಿಂಗಳು ಇಲ್ಲ. ನನ್ನ ಕೆಲಸ ಮಾತ್ರ ಪ್ರತಿ ತಿಂಗಳೂ ಇತ್ತು. ತರಬೇತಿ ಪತ್ರ ಸಿಕ್ಕರೆ ಅದು ಕಾಯಂ ಆಗುತ್ತದೆ ಎಂದಿದ್ದರು.

ಮೊದಲ ದಿನವೇ ಅವರು ನಮ್ಮ ಹದಿನೆಂಟು ಜನ ಹೆಂಗಸರನ್ನು ಮೊಣಕಾಲ ಮೇಲೆ ನಿಲ್ಲಿಸಿ ಹಜಾರದ ಈ ತುದಿಯಿಂದ ಆ ತುದಿಗೆ ನಡೆಸಿದರು. ಸೀರೆ ಕಾಲಿಗೆ ಸಿಕ್ಕಿ ಒಬ್ಬರ ಮೇಲೊಬ್ಬರು ಬಿದ್ದೆವು. ಮಾಕಳಿಯಿಂದ ಬರುತ್ತಿದ್ದ ರತ್ನಮ್ಮ, "ಇದೇನ್ ಮೇಡಂ, ಯಾವ್ ದೇವ್ರ ಅರಕೆ?" ಎಂದಳು. ಎಲ್ಲರೂ ನಕ್ಕರು. ಅವರೂ ನಕ್ಕರು. ಆದರೆ ನಡಿಗೆ ನಿಲ್ಲಿಸಲಿಲ್ಲ.

"ಈಗ ಹೇಳ್ರಿ, ಏನ ಕಂಡ್ರಿ?"

"ಏನ್ ಕಾಣ್ತದೆ? ಮೇಜಿನ್ ಕಾಲು, ನಿಮ್ ಸೀರೆ ಅಂಚು."

"ಹಾಂ. ನಿಮ್ಮ ಕೂಸುಗಳು ದಿನಾ ಇದನ್ನ ನೋಡ್ತಾವ. ನೀವು ಗ್ವಾಡಿ ಮ್ಯಾಲೆ ಆರಡಿ ಎತ್ತರಕ್ಕ ಚಿತ್ರಾ ಹಚ್ಚಿ, 'ನೋಡೂದೇ ಇಲ್ರಿ' ಅಂತ ಅಳ್ತೀರಿ."

ಮುಂದಿನ ಸೋಮವಾರ ನಾನು ಆನೆ, ನವಿಲಿನ ಪಟಗಳನ್ನೆಲ್ಲ ಕಿತ್ತು ಮಕ್ಕಳ ಮುಖದ ಎತ್ತರಕ್ಕೆ ಅಂಟಿಸಿದೆ. ಸಂಜೆಯ ಹೊತ್ತಿಗೆ ನವಿಲಿನ ಬಾಲ ಹರಿದಿತ್ತು; ಆದರೆ ಇಪ್ಪತ್ತಾರು ಮಕ್ಕಳೂ ಅದನ್ನು ಮುಟ್ಟಿ ನೋಡಿದ್ದವು. ಹಾಗಾಗಿ ಅವರಿಗೆ ಕೆಲಸ ಗೊತ್ತಿಲ್ಲ ಎಂದು ನಾವು ಯಾರೂ ಹೇಳುವ ಹಾಗಿರಲಿಲ್ಲ. ಅನುಮಾನವಿದ್ದದ್ದು ಬೇರೆಯದರ ಮೇಲೆ.

ಮದುವೆಯಾಗಿದ್ದಾರೋ ಇಲ್ಲವೋ ಗೊತ್ತಿಲ್ಲ. ಬಣ್ಣ ಮಾಸಿದ ಇಳಕಲ್ ಸೀರೆ, ಬಾಯಲ್ಲಿ ಸದಾ ಒಂದು ಲವಂಗ, ಹೆಗಲಲ್ಲಿ ಹುಣಿಸೆ ಬೀಜ, ಖಾಲಿ ಬೆಂಕಿಪೊಟ್ಟಣ ತುಂಬಿದ ಗೋಣಿಚೀಲ. ಆರ್.ಟಿ. ನಗರದಲ್ಲಿ ಮನೆ ಎನ್ನುತ್ತಿದ್ದರು, ಯಾರೂ ನೋಡಿದವರಿಲ್ಲ. ನಾವು ಬುತ್ತಿ ಬಿಚ್ಚುವ ಹೊತ್ತಿಗೆ ಅವರು ಆಫೀಸು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಬರೆಯುವಾಗ ಯಾರಾದರೂ ಒಳಗೆ ಬಂದರೆ ಪುಸ್ತಕವನ್ನು ಮಗುಚಿ ಇಡುತ್ತಿದ್ದರು.

"ಇವಳು ಬರೀ ಟೀಚರ್ ಅಲ್ಲ ಕಣೇ" ಎನ್ನುತ್ತಿದ್ದಳು ಸರೋಜ, ನೀರು ಕುಡಿಯುವ ನೆಪದಲ್ಲಿ ಹಂಡೆಯ ಹತ್ತಿರ ಕರೆದುಕೊಂಡು ಹೋಗಿ. "ಟೀಚರ್‌ಗೆ ಯಾರ ಮನೇಲಿ ಯಾರು ಎಲ್ಲಿ ಮಲಗ್ತಾರೆ ಅಂತ ಯಾಕ್ ಬೇಕು, ಹೇಳು?"

ಅದೇ ಮುಖ್ಯ ಸಂಗತಿ. ಅವರು ನಮ್ಮಿಂದ ಒಂದು ನೋಟುಪುಸ್ತಕ ಬರೆಸುತ್ತಿದ್ದರು. ಒಂದೊಂದು ಮಗುವಿಗೆ ಎರಡು ಪುಟ. ಬೆಳಿಗ್ಗೆ ಏನು ತಿಂದು ಬಂತು, ಯಾರು ಕರೆತಂದರು, ಅಪ್ಪನಿಗೆ ಎಲ್ಲಿ ಕೆಲಸ, ಮನೆಯಲ್ಲಿ ಮಕ್ಕಳೆಷ್ಟು, ಈ ಮಗು ಯಾರ ಮಗ್ಗುಲಲ್ಲಿ ಮಲಗುತ್ತದೆ. ನಾವು ಸಂಜೆ ಮನೆಮನೆಗೆ ಹೋಗಿ ಕೇಳಿಕೊಂಡು ಬರಬೇಕು. "ಕೂಸು ಅಳೂದು ಬಾಲವಾಡ್ಯಾಗ. ಅಳೂದರ ಕಾರಣ ಮನ್ಯಾಗ ಇರ್ತದ" ಎನ್ನುವುದು ಅವರ ಮಾತು.

ಅದು ಸುಳ್ಳೇನಲ್ಲ. ನನ್ನ ಬಾಲವಾಡಿಯಲ್ಲಿ ನಾಗಿ ಎಂಬ ನಾಲ್ಕು ವರ್ಷದ ಹುಡುಗಿಯಿದ್ದಳು, ಮುನಿತಾಯಮ್ಮನ ಮಗಳು. ದಿನಾ ಹನ್ನೊಂದು ಗಂಟೆಗೆ ಗಡಿಯಾರ ನೋಡಿದವಳಂತೆ ಅಳು ಶುರುಮಾಡುತ್ತಿದ್ದಳು. ನಾನು ಬೆಲ್ಲ ಕೊಟ್ಟು ನೋಡಿದೆ, ಗದರಿಸಿ ನೋಡಿದೆ. ಆಮೇಲೆ ಅವರ ಮನೆಗೆ ಹೋಗಿ ಕೇಳಿ ಬರೆದೆ: ಐದು ಮಕ್ಕಳು, ಎರಡು ತಿಂಗಳ ಕೆಳಗೆ ಕೂಸು ಹುಟ್ಟಿದ ಮೇಲೆ ನಾಗಿಯನ್ನು ಅಮ್ಮನ ಮಗ್ಗುಲಿಂದ ಅಜ್ಜಿಯ ಮಗ್ಗುಲಿಗೆ ಹಾಕಿದ್ದಾರೆ, ಹನ್ನೊಂದಕ್ಕೆ ಅಮ್ಮ ಕೂಸಿಗೆ ನೀರು ಹಾಕುವ ಹೊತ್ತು. ಮೇಡಂ ಓದಿ, "ನೋಡ್ರಿ, ಈಕಿಗೆ ಹನ್ನೊಂದಕ್ಕ ಒಂದು ಬೊಂಬಿ, ಒಂದು ತಂಬಗಿ ನೀರು ಕೊಡ್ರಿ" ಎಂದರು. ಕೊಟ್ಟೆ. ನಾಗಿ ಬೊಂಬೆಗೆ ಸ್ನಾನ ಮಾಡಿಸಿದಳು, ಕೆನ್ನೆಗೆರಡು ಬಾರಿಸಿದಳು, ಮಲಗಿಸಿದಳು. ಒಂದು ವಾರದಲ್ಲಿ ಅಳು ನಿಂತಿತು.

ಬೊಂಬೆ ಎಂದೆನಲ್ಲ, ಅದು ಪೆಟ್ಟಿಗೆಯಿಂದ ಹೊರಗೆ ಬಂದದ್ದೂ ಅವರಿಂದಲೇ. ಸಮಾಜದ ಅಧ್ಯಕ್ಷರು ಕೊಡಿಸಿದ್ದ ಚನ್ನಪಟ್ಟಣದ ಆಟಿಕೆಗಳು ಟ್ರಂಕಿನಲ್ಲಿ ಬೀಗ ಹಾಕಿಕೊಂಡಿದ್ದವು. ಯಾರಾದರೂ ದೊಡ್ಡವರು ಬಂದಾಗ ಚಾಪೆಯ ಮೇಲೆ ಜೋಡಿಸುವುದು, ಹೋದ ಮೇಲೆ ಒರೆಸಿ ಒಳಗಿಡುವುದು. ಮುರಿದರೆ ನನ್ನ ತಲೆಗೆ ಬರುತ್ತದೆ ಎಂದು ನಾನು ಮಕ್ಕಳಿಗೆ ಕೊಟ್ಟವಳೇ ಅಲ್ಲ. ಅವರು ಬೀಗದ ಕೈ ಕೇಳಿ, ಟ್ರಂಕು ತೆಗೆದು, ಮರದ ಕುದುರೆಯನ್ನು ಕೈಗೆತ್ತಿಕೊಂಡು ಅದರ ಒಂದು ಕಾಲನ್ನು ಲಟಕ್ಕನೆ ಮುರಿದರು. ನನಗೆ ಜೀವ ಬಾಯಿಗೆ ಬಂತು.

"ಮುರೀತು. ಮುರಿಯೂದಂತೂ ಆತಲ್ಲ, ಇನ್ನ ಯಾಕ ಹೆದರ್ತೀರಿ? ಆಡಲಿ ಬಿಡ್ರಿ." ಸಾಮಾನಿನ ಪುಸ್ತಕದಲ್ಲಿ, ಕುದುರೆಯ ಕಾಲು ನನ್ನ ಕೈಯಿಂದ ಮುರಿಯಿತು ಎಂದು ಬರೆದು ರುಜು ಹಾಕಿ ಹೋದರು. ನಾನು ಆ ರುಜುವನ್ನು ಎರಡು ದಿನ ತಿರುತಿರುಗಿ ನೋಡಿದೆ. ಬೇಕೆಂದೇ ತಪ್ಪು ಮಾಡಿ ಹೀಗೆ ಸಲೀಸಾಗಿ ರುಜು ಹಾಕುವವರು ಇನ್ನೇನಕ್ಕೆ ಹಾಕುತ್ತಾರೋ ಎಂದು ನನಗೆ ಅನುಮಾನವೇ ಹೆಚ್ಚಾಯಿತು.

ಅದು ತುರ್ತು ಪರಿಸ್ಥಿತಿಯ ಕಾಲ. ಗೋಡೆಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಯಾವ ಊರಿನಲ್ಲಿ ಆಪರೇಷನ್ ಕ್ಯಾಂಪು, ಯಾರನ್ನು ಕರೆದುಕೊಂಡು ಹೋದರು, ಇದೇ ಮಾತು. ನಲ್ಲಿಯ ಹತ್ತಿರ ಹೆಂಗಸರು ತಮ್ಮ ಮಕ್ಕಳ ಸಂಖ್ಯೆಯನ್ನು ಮೆಲುದನಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಅಂಥ ಹೊತ್ತಿನಲ್ಲಿ ನಾನು ಪುಸ್ತಕ ಹಿಡಿದು ಮನೆಮನೆಗೆ ಹೋಗಿ, "ನಿಮಗೆಷ್ಟು ಮಕ್ಕಳು?" ಎಂದು ಕೇಳುತ್ತಿದ್ದೆ. ನನಗೆ ಪತ್ರ ಬೇಕಿತ್ತು, ಕೇಳಿದೆ, ಬರೆದೆ.

ಒಂದು ಶನಿವಾರ ಛತ್ರದ ಮುಂದೆ ಜೀಪು ನಿಂತಿತ್ತು. ಆಫೀಸು ಕೋಣೆಯಲ್ಲಿ ಇಬ್ಬರು ಗಂಡಸರು, ಮೇಡಂ, ಬಾಗಿಲು ಮುಚ್ಚಿತ್ತು. ನಮ್ಮ ಹದಿನೆಂಟು ಪುಸ್ತಕಗಳೂ ತಿದ್ದಲೆಂದು ಅದೇ ಕೋಣೆಯಲ್ಲಿದ್ದವು. ಜೀಪು ಹೋದ ಮೇಲೆ ಇಣುಕಿ ನೋಡಿದರೆ ಮೇಜಿನ ಮೇಲೆ ಪುಸ್ತಕಗಳಿಲ್ಲ. ಸರೋಜ ನನ್ನ ಕೈ ಅದುಮಿದಳು. ಮುಂದಿನ ಶನಿವಾರ ಪುಸ್ತಕಗಳು ತಿದ್ದಿಕೊಂಡು ಬಂದವು. ಎಂದಿನಂತೆ ಅಂಚಿನಲ್ಲಿ ಹಸಿರು ಶಾಯಿಯ ಟಿಪ್ಪಣಿಗಳು.

ಅದಾದ ಎರಡು ವಾರಕ್ಕೆ ದಾಸರಹಳ್ಳಿಗೆ ಬೆಳಿಗ್ಗೆ ಏಳಕ್ಕೇ ಜೀಪು ಬಂತು. ಕೈಯಲ್ಲಿ ಪಟ್ಟಿ. ಗಂಡಸಿನ ಹೆಸರು, ಕೆಲಸ ಮಾಡುವ ಜಾಗ, ಮಕ್ಕಳ ಸಂಖ್ಯೆ ಎಲ್ಲ ಅದರಲ್ಲಿತ್ತು. ಇಬ್ಬರು ಸಿಕ್ಕಿದರು, ಉಳಿದವರು ಹೊಲದ ಕಡೆ ಓಡಿದರು. ಸಿಕ್ಕವರಲ್ಲಿ ಒಬ್ಬ ಮುನಿತಾಯಮ್ಮನ ಗಂಡ. ಮಾರನೆಯ ದಿನ, ಆಪರೇಷನ್ ಆದವರಿಗೆ ಕ್ಯಾಂಪಿನಲ್ಲಿ ಕೊಡುವ ಒಂದು ಹಸಿರು ಪ್ಲಾಸ್ಟಿಕ್ ಬಕೀಟು ಹಿಡಿದುಕೊಂಡು ವಾಪಸು ಬಂದ. ಗೋಡೆಯ ಕಡೆ ತಿರುಗಿ ಮಲಗಿದವನು ವಾರ ಮಾತಾಡಲಿಲ್ಲವಂತೆ.

ಸೋಮವಾರ ಬಾಲವಾಡಿಗೆ ಮೂರು ಮಕ್ಕಳು ಬಂದವು. ಮಂಗಳವಾರ ಒಂದು. ನಲ್ಲಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಆ ಕಡೆ ಸರಿದರು. ನನಗೆ ಕೇಳಲಿ ಎಂದೇ ಒಬ್ಬಳು ಹೇಳಿದಳು: "ನಮ್ಮನೇಲಿ ಕಾಪಿ ಕುಡ್ಕಂಡು ನಮ್ ಗಂಡುಸ್ರ ಎಸ್ರು ಬರ್ಕೊಟ್ಟವ್ಳೆ."

ಸಮಾಜದ ಅಧ್ಯಕ್ಷರು ಕರೆಸಿದರು. "ನೋಡಮ್ಮ, ಮಕ್ಕಳಿಲ್ದೆ ಬಾಲವಾಡಿ ಯಾಕೆ? ಈ ತಿಂಗ್ಳು ನೋಡ್ತೀನಿ. ಬರ್ಲಿಲ್ಲ ಅಂದ್ರೆ ಬೀಗ ಹಾಕ್ಬಿಡ್ತೀನಿ, ನಿಷ್ಠೂರ ಮಾಡ್ಕೋಬೇಡ."

ಇಲ್ಲಿ ಒಂದು ಸಂಗತಿ ಹೇಳಬೇಕು. ಅವತ್ತಿನಿಂದ ಯಾರಿಗೂ ಹೇಳಿಲ್ಲ, ನನ್ನ ಯಜಮಾನರಿಗೂ ಇಲ್ಲ. ನನ್ನ ಅಕ್ಷರ ದುಂಡಗೆ. ಅದರ ಹೆಮ್ಮೆಯೂ ಇತ್ತು. ತರಬೇತಿಯ ಪುಸ್ತಕಕ್ಕೆ ಬರೆದದ್ದನ್ನೆಲ್ಲ, ಯಾರೂ ಹೇಳದಿದ್ದರೂ, ಬಾಲವಾಡಿಯ ದಾಖಲಾತಿ ಪುಸ್ತಕಕ್ಕೂ ಗೆರೆ ಹಾಕಿ ಇಳಿಸಿದ್ದೆ: ಅಪ್ಪನ ಹೆಸರು, ಕೆಲಸ, ಮಕ್ಕಳೆಷ್ಟು. ಛತ್ರದ ಮುಂದೆ ಜೀಪು ನಿಂತಿದ್ದ ಅದೇ ವಾರ ಕಚೇರಿಯವನು ಎಂದು ಹೇಳಿಕೊಂಡು ಒಬ್ಬ ಬಂದು, ಹಾಲಿನ ಪುಡಿ ಎಷ್ಟು ಮಕ್ಕಳಿಗೆ ಬೇಕು ನೋಡಬೇಕು, ಪುಸ್ತಕ ಎರಡು ದಿನ ಕೊಡಿ ಎಂದ. ಚೀಟಿ ಕೇಳಲಿಲ್ಲ. ಕಾಫಿ ಕೊಟ್ಟು ಪುಸ್ತಕ ಕೊಟ್ಟೆ. "ಏನ್ ಅಚ್ಚುಕಟ್ಟಾಗಿ ಬರ್ದಿದೀರಮ್ಮ" ಎಂದ. ನನಗೆ ಖುಷಿಯಾಯಿತು. ಹೇಳಿದಂತೆ ಎರಡು ದಿನಕ್ಕೆ ತಂದುಕೊಟ್ಟ.

ಹಾಗಾಗಿ ಪಟ್ಟಿ ಯಾವ ಪುಸ್ತಕದಿಂದ ಹೋಯಿತು ಎಂಬುದು ನನಗೆ ಗೊತ್ತಿಲ್ಲ. ಎರಡರಲ್ಲೂ ಇದ್ದದ್ದು ಅದೇ ಹೆಸರುಗಳು. ಆದರೆ ಒಂದು ಗೊತ್ತಿತ್ತು. ಮುಂದಿನ ಶನಿವಾರ ರತ್ನಮ್ಮನನ್ನು ಕೇಳಿದೆ, ನಿಮ್ಮೂರಿಗೆ ಜೀಪು ಬಂತಾ ಎಂದು. "ಇಲ್ಲಮ್ಮ, ಮಾಕಳಿ ಕಡೀಕೆ ತಲೆನೇ ಆಕಿಲ್ಲ." ಜಾಲಹಳ್ಳಿಗೂ ಬಂದಿರಲಿಲ್ಲ. ಹದಿನೆಂಟು ಪುಸ್ತಕ ಹೋಗಿದ್ದರೆ ಜೀಪು ನನ್ನೂರಿಗೆ ಮಾತ್ರ ಯಾಕೆ ಬರುತ್ತದೆ? ಈ ಪ್ರಶ್ನೆ ನನಗೆ ಅವತ್ತೇ ಹೊಳೆಯಿತು. ಹೊಳೆದದ್ದನ್ನು ಅಲ್ಲೇ ಅದುಮಿ, ಮೇಡಂ ಹತ್ತಿರ ಹೋಗಿ ದೂರುವವಳ ದನಿಯಲ್ಲಿ ಎಲ್ಲ ಹೇಳಿದೆ. ನೀವು ಬರೆಸಿದಿರಿ, ನಾನು ಬರೆದೆ, ಈಗ ನನ್ನ ಕೆಲಸ ಹೋಗುತ್ತದೆ ಎಂದೆ. ಅತ್ತೆ ಕೂಡ.

ಅವರು ಬಾಯಲ್ಲಿದ್ದ ಲವಂಗವನ್ನು ತೆಗೆದು ಕಿಟಕಿಯ ಆಚೆ ಹಾಕಿದರು. "ನೀವು ಯಾರಿಗರೆ ಏನರೆ ಕೊಟ್ಟೀರೇನು?"

"ಇಲ್ಲ ಮೇಡಂ."

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಆತು. ನಾಳೆ ಮುಂಜಾನೆ ಬರ್ತೀನಿ. ಎಲ್ಲಾರೂ ಮನ್ಯಾಗ ಇರ್ತಾರಲ್ಲ, ಐತವಾರ?"

ಬಂದರು. ಬಸ್‌ಸ್ಟಾಪಿನಿಂದ ನನ್ನ ಹಿಂದೆಯೇ ನಡೆದು ಮುನಿತಾಯಮ್ಮನ ಮನೆಯ ಮುಂದೆ ನಿಂತರು. ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಕೂರಿ ಅನ್ನಲಿಲ್ಲ. ಅಕ್ಕಪಕ್ಕದ ಹೆಂಗಸರು ಬಂದು ಸುತ್ತ ನಿಂತರು.

"ಈ ಟೀಚರದು ಏನೂ ತಪ್ಪಿಲ್ಲ" ಎಂದರು ಮೇಡಂ. "ಬರೀಸಿದಾಕಿ ನಾನು. ಪುಸ್ತಕಾ ನನ್ನ ಹತ್ರ ಇದ್ದೂವು. ಕೇಳಾಕ ಬಂದ್ರು, ನಾನು ಕೊಟ್ಟೆ."

"ಯಾಕ್ ಕೊಟ್ಟೆ?"

"ಹಾಲಿನ ಪುಡಿ ಸಲುವಾಗಿ ಅಂದ್ರು. ನಾನು ಕೇಳಬೇಕಿತ್ತು. ಕೇಳಲಿಲ್ಲ."

ಹಾಲಿನ ಪುಡಿಯ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಅವರಿಗೂ ಅದೇ ನೆಪ ಹೇಳಿ ಪುಸ್ತಕ ಕೇಳಿದ್ದರೋ, ಅಥವಾ ನನ್ನ ಹತ್ತಿರ ಬಂದವನ ಸಂಗತಿ ಅವರಿಗೆ ಬೇರೆ ಎಲ್ಲಿಂದಲೋ ತಿಳಿದಿತ್ತೋ? ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

ಮುನಿತಾಯಮ್ಮ ಮೊರ ಕೆಳಗಿಟ್ಟು ಎದ್ದಳು. "ಏನಮ್ಮೋ, ನಿಂಗ್ ಮಕ್ಳಿದಾವಾ?"

"ಇಲ್ಲ."

"ಅದ್ಕೇಯ. ಇದ್ದಿದ್ರೆ ಗೊತ್ತಾಗಿರೋದು. ಓದ್ಕಂಡೋಳಂತೆ, ಮಕ್ಳಿಗ್ ಕಲ್ಸೋರ್ಗೇ ಕಲ್ಸೋಳಂತೆ! ನನ್ ಗಂಡ ತಲೆಯೆತ್ತಿ ಬೀದೀಲಿ ಓಡಾಡಂಗ್ ಮಾಡ್ತೀಯಾ ನೀನು? ಮಾಡು ಮತ್ತೆ, ನೋಡಾನ." ಒಳಗೆ ಹೋಗಿ ಆ ಹಸಿರು ಬಕೀಟು ತಂದು ಅವರ ಕೈಗೆ ತುರುಕಿದಳು. "ತಗಂಡೋಗು ಇದ್ನ. ನಮ್ಮನೇಲಿ ಇದು ಕಣ್ಗೆ ಬೀಳ್ಬಾರ್ದು."

ಅವರು ಬಕೀಟು ಹಿಡಿದುಕೊಂಡು ಇನ್ನೂ ನಾಲ್ಕು ಮನೆಗೆ ಹೋದರು. ನಾಲ್ಕು ಕಡೆಯೂ ಅದೇ ಮಾತು ಹೇಳಿದರು, ಬಯ್ಯಿಸಿಕೊಂಡರು. ಒಂದು ಕಡೆ ಒಬ್ಬ ಮುದುಕಿ ಅವರ ಕಾಲ ಹತ್ತಿರ ಉಗಿದಳು. ವಾಪಸು ಬರುವಾಗ ನಾನು ಹತ್ತು ಹೆಜ್ಜೆ ಹಿಂದೆ ಉಳಿದೆ, ಜೊತೆಯಲ್ಲಿ ನಡೆಯುವುದನ್ನು ಊರಿನವರು ನೋಡಬಾರದೆಂದು. ಅದನ್ನು ಅವರು ಗಮನಿಸಿದರು ಎಂದುಕೊಂಡಿದ್ದೇನೆ. ಒಮ್ಮೆಯೂ ತಿರುಗಿ ನೋಡಲಿಲ್ಲ. ಬಸ್ಸು ಬಂದಾಗ ಮಾತ್ರ, "ಕೂಸುಗಳು ಬಂದ್ವು ಅಂದ್ರ ಮೊದಲ ದಿನ ಹಾಡು, ಎಣಿಕಿ ಏನೂ ಬ್ಯಾಡ್ರಿ. ಬಾಗಲಾ ತಗದಿಟ್ಟು ಸುಮ್ಮನ ಆಡಾಕ ಬಿಡ್ರಿ" ಎಂದರು. ಬಕೀಟಿನೊಳಗೆ ಗೋಣಿಚೀಲ ಇಟ್ಟುಕೊಂಡು ಬಸ್ಸು ಹತ್ತಿದರು.

ಮಾರನೆಯ ದಿನ ಏಳು ಮಕ್ಕಳು ಬಂದವು. ವಾರದಲ್ಲಿ ಹತ್ತೊಂಬತ್ತು. ನಾಗಿಯನ್ನು ಮುನಿತಾಯಮ್ಮ ತಾನೇ ಕರೆತಂದಳು. "ನಿಮ್ಮನ್ನ ಅನ್ಮಾನ್ಸ್‌ಬಿಟ್ವಿ ಕಣಮ್ಮ, ತಪ್ಪಾಯ್ತು" ಎಂದಳು. ನಾನು "ಇರ್ಲಿ ಬಿಡಿ" ಎಂದೆ.

ತರಬೇತಿ ಮುಗಿದು ಪತ್ರ ಸಿಕ್ಕಿತು. ಜೊತೆಗೆ ಪ್ರತಿಯೊಬ್ಬರಿಗೂ ಅವರು ಕೈಯಾರೆ ಬರೆದ ಎರಡು ಸಾಲು. ನನ್ನದರಲ್ಲಿ ಹೀಗಿತ್ತು: ಮಕ್ಕಳನ್ನು ಬಹಳ ಚೆನ್ನಾಗಿ ನೋಡುತ್ತಾರೆ. ಪುಸ್ತಕಗಳನ್ನು ಜೋಪಾನ ಮಾಡುವುದನ್ನು ಕಲಿಯಬೇಕು. ಹದಿನೆಂಟು ಜನರಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ಪುಸ್ತಕ ಇಟ್ಟವರು ಇನ್ನೊಬ್ಬರಿರಲಿಲ್ಲ. ಆ ಸಾಲನ್ನು ಸರೋಜನಿಗೂ ತೋರಿಸಲಿಲ್ಲ.

ಆಮೇಲೆ ಒಂದೇ ಸಲ, ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ ಸಿಕ್ಕಿದ್ದರು. ತಲೆ ಪೂರ್ತಿ ನೆರೆತಿತ್ತು. "ಈಗ ಎಷ್ಟು ಕೂಸು?" ಎಂದರು. ಮೂವತ್ತೊಂದು ಎಂದೆ. "ಚಲೋ ಆತು" ಎಂದರು. ಅವರು ಪುಸ್ತಕ ಕೊಟ್ಟದ್ದು ನಿಜವೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಿದರೆ ನನ್ನದನ್ನೂ ಹೇಳಬೇಕಾಗುತ್ತಿತ್ತು. ಅವರು ಯಾಕೆ ಹಾಗೆ ಮಾಡಿದರು ಎಂಬ ಸಂಶಯ ಮಾತ್ರ ಹೋಗಲಿಲ್ಲ. ನನ್ನ ಕೆಲಸ ಉಳಿಸಲೋ, ಬಾಲವಾಡಿ ಉಳಿಸಲೋ, ನಿಜವಾಗಿಯೂ ಕೊಟ್ಟಿದ್ದರೋ.

ಸರೋಜ ಸಿಕ್ಕಿದ ಮೂರನೆಯ ದಿನ ಸಂಜೆ ನಾನು ಮುನಿತಾಯಮ್ಮನ ಮನೆಗೆ ಹೋದೆ. ಈಗ ಅವಳ ಹಿರಿಮಗಳ ಮಗಳು, ಮೂರು ವರ್ಷದ ಪುಟ್ಟಿ, ನನ್ನ ಬಾಲವಾಡಿಗೆ ಬರುತ್ತಾಳೆ. ಕಾಫಿ ಕೊಟ್ಟಳು. ಲೋಟ ಕೆಳಗಿಟ್ಟು, ದಾಖಲಾತಿ ಪುಸ್ತಕದ ವಿಷಯ, ಅದನ್ನು ಒಯ್ದವನ ವಿಷಯ, ಬೇರೆ ಊರುಗಳಿಗೆ ಜೀಪು ಹೋಗದ ವಿಷಯ ಎಲ್ಲ ಹೇಳಿದೆ.

"ಅಂಗಂದ್ರೆ?"

"ಆ ಮೇಡಂ ಕೊಡ್ದೇ ಇದ್ದಿರ್ಬೋದು. ನನ್ ಪುಸ್ತಕದಿಂದ್ಲೇ ಹೋಗಿರ್ಬೋದು."

ಒಳಗೆ ಅವಳ ಗಂಡ ಕೆಮ್ಮಿದ ಸದ್ದು ಕೇಳಿತು. ಅವಳು ಎದ್ದು ಹೋಗಿ ಒಳಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಬಂದಳು.

"ಅನ್ನೊಂದ್ ವರ್ಸ ನಮ್ಮನೇಲಿ ಉಂಡಿದೀಯಲ್ಲಮ್ಮ, ಅಬ್ಬ ಅಬ್ಬಕ್ಕೂ. ಇವತ್ ಯಾಕ್ ಏಳ್ತಾ ಇದೀಯ?"

"ಮೇಡಂ ತೀರ್ಕೊಂಡ್ರು."

"ಅವ್ರಿದ್ದಾಗ ಏಳ್ಬೇಕಿತ್ತು" ಎಂದಳು.

ಮಾರನೆಯ ಬೆಳಿಗ್ಗೆ ಒಂಬತ್ತೂವರೆಗೆ ಬಾಲವಾಡಿಯ ಬಾಗಿಲು ತೆಗೆದೆ. ಪುಟ್ಟಿ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು, ಅಜ್ಜಿಯ ಕೈ ಹಿಡಿದುಕೊಂಡು. ಮುನಿತಾಯಮ್ಮ ಅವಳ ಮೂಗು ಒರೆಸಿ ಒಳಗೆ ಬಿಟ್ಟಳು. ದಿನಾ ಹಾಗೆ ಬಿಟ್ಟು, "ಬತ್ತೀನಿ ಟೀಚರಮ್ಮ" ಎಂದು ಹೋಗುವವಳು ಅವತ್ತು ಹೋಗಲಿಲ್ಲ. ಹೊಸ್ತಿಲಿನ ಆಚೆ, ಎದುರು ಗೋಡೆಗೆ ಒರಗಿ, ಸೆರಗು ಸುತ್ತಿಕೊಂಡು ಕೂತಳು. ನಾನು ಮಕ್ಕಳ ಹೆಸರು ಕೂಗಿ ಪುಸ್ತಕದಲ್ಲಿ ಗುರುತು ಹಾಕಲು ತೊಡಗಿದೆ. ನನ್ನ ಕೈ ಬರೆಯುವುದನ್ನು ಅವಳು ನೋಡುತ್ತಿದ್ದಳು. ಹನ್ನೆರಡೂವರೆಗೆ ಮಕ್ಕಳನ್ನು ಬಿಡುವವರೆಗೂ ಅಲ್ಲಿಂದ ಏಳಲಿಲ್ಲ.

ಅದಾಗಿ ಮೂರು ವಾರವಾಯಿತು. ದಿನಾ ಬಂದು ಕೂರುತ್ತಾಳೆ.